ಹೆಬ್ಬೆರಳಿನ ಅಳತೆ

ಚಾಕು ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನ ವಿಲ್ಫ್ರೆಡ್ ಹಾಕ್ಸ್‌ವರ್ತ್‌ಗೆ ತನ್ನೂರಿನ ಹಳೆಯ ಮಡಚು ಚಾಕುಗಳನ್ನು ಕೂಡಿಡುವ ಹುಚ್ಚು. ಸಂತೆಯಲ್ಲಿ ಚಾಕು ಕಂಡರೆ ಬಿಡಿಸಿ, ಅಲಗಿಗೆ ಹೆಬ್ಬೆರಳು ಹಿಡಿದು ಅಳೆಯುತ್ತಿದ್ದ. ಮಸೆದು ಮಸೆದು ಕೂದಲೆಳೆಯಷ್ಟು ಸವೆದಿದ್ದರೂ ಮಾರುವವನ ಮುಂದೆ ಬಿಸಾಡುತ್ತಿದ್ದ. ಹೆಂಡತಿ ಎಡ್ನಾ ಕೊಯ್ದ ಬ್ರೆಡ್ಡಿನ ಹೋಳಿಗೂ ಅದೇ ಹೆಬ್ಬೆರಳು; ದಪ್ಪವಾಗಿದ್ದರೆ ಊಟ ಮುಗಿಯುವ ತನಕ ಬೈಗುಳ.

ಎಡ್ನಾಳ ಅಪ್ಪ ತೀರಿಕೊಂಡಾಗ ಅವಳ ಪಾಲಿಗೆ ಬಂದದ್ದು ಅವನ ಜೇಬಿನ ಚಾಕು ಒಂದೇ. ಆತ ಜೀವಮಾನವಿಡೀ ಸೇಬು ಹೆಚ್ಚಿ, ಹೊಗೆಸೊಪ್ಪು ಕತ್ತರಿಸಿ, ಹೊಸ್ತಿಲ ಕಲ್ಲಿಗೆ ಮಸೆದ ಚಾಕು. ಗಂಡನ ಚಾಕುಗಳ ಪೆಟ್ಟಿಗೆಯಲ್ಲಿ ಜೋಪಾನವಾಗಿರಲಿ ಎಂದು ಅವನ ಕೈಗೆ ಕೊಟ್ಟಳು. ಅವನು ಹೆಬ್ಬೆರಳು ಹಿಡಿದು ನೋಡಿದ.

“ಅರ್ಧ ಸವೆದೇ ಹೋಗಿದೆಯಲ್ಲೇ! ಸವೆದದ್ದನ್ನ ನಾನು ಮನೇಲಿ ಇಟ್ಕೊಳ್ಳಲ್ಲ,” ಎಂದು ಕಸದ ಡಬ್ಬಿಗೆ ಹಾಕಿದ.

ಮುಪ್ಪಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಲ್ಲಿ ಮೈಯೆಲ್ಲ ಇಳಿದು ಮೂಳೆ ಚಕ್ಕಳವಾದ. ಮಾತು ನಿಂತಿತ್ತು, ಕಿವಿ ಮಾತ್ರ ಚುರುಕಾಗಿತ್ತು.

“ಇನ್ನು ಮನೆಗೆ ಕರ್ಕೊಂಡು ಹೋಗ್ಬೋದು, ಅಮ್ಮಾ. ಆಗಲ್ಲಾಂದ್ರೆ ವೃದ್ಧಾಶ್ರಮಕ್ಕೆ ಕಳಿಸ್ತೀವಿ,” ಎಂದಳು ನರ್ಸ್.

ಎಡ್ನಾ ಬಾಗಿ, ಗಂಡನ ಒಣಗಿದ ತೋಳಿಗೆ ತನ್ನ ಹೆಬ್ಬೆರಳು ಹಿಡಿದು ನಿಧಾನವಾಗಿ ಅಳೆದಳು. ಅವನು ಕಣ್ಣು ಪಿಳುಕಿಸದೆ ನೋಡುತ್ತಿದ್ದ.

“ಆಶ್ರಮಕ್ಕೇ ಕಳಿಸಮ್ಮ,” ಎಂದಳು. “ಸವೆದದ್ದನ್ನ ನಮ್ಮ ಮನೇಲಿ ಇಟ್ಕೊಳ್ಳಲ್ಲ.”