ಬ್ಯಾರನ್ ಕಡೆಯಿಂದ ಬಂದ ಕೂಗು

ಅಂಗಳದಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ನನ್ನ ಯಜಮಾನರನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ಮೈದುನ ಫೋನ್ ಮಾಡಿ, "ಅತ್ಗೆ, ರಿಪೋರ್ಟ್ ಬಂತು. ಗಂಟ್ಲಲ್ಲಿರೋದು ಕ್ಯಾನ್ಸರೇ ಅಂತೆ" ಅಂದ. ಫೋನ್ ಇಟ್ಟೆ. ಮೊರದಲ್ಲಿದ್ದ ಕಲ್ಲು ಆರಿಸಿ ಮುಗಿಸಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು, ಅದೂ ಒಂದು ದೇವರ ದಯೆಯೇ.

ನಾನು ದೀಪ ಹಚ್ಚದೆ ಕಾಫಿ ಕುಡಿಯುವವಳಲ್ಲ. ಆದರೆ ಗಾಳಿ, ಸೋಕು, ಯಾರೋ ಕೂಗಿದ ಹಾಗಾಯಿತು ಎನ್ನುವ ಮಾತುಗಳನ್ನು ನಂಬುತ್ತಿರಲಿಲ್ಲ. ಯಾರಾದರೂ ಹೇಳಿದರೆ ಸರಿಯಾಗಿ ಊಟ ಮಾಡಿರಲಿಲ್ಲವೇನೋ ಎಂದು ನಗುತ್ತಿದ್ದೆ. ಆ ಶ್ರಾವಣದಲ್ಲಿ ನನಗೇ ಆದದ್ದನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತಿದ್ದೇನೆ. ನೀವು ನಗಬಹುದು, ನನಗೇನೂ ಬೇಸರವಿಲ್ಲ.

ನಮ್ಮದು ಹನಗೋಡಿನ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೆಳೆದು, ಮನೆಯ ಹಿಂದಿನ ಬ್ಯಾರನ್‌ನಲ್ಲಿ ಬೇಯಿಸಿ ಮಾರುತ್ತೇವೆ. ಬ್ಯಾರನ್ ಎಂದರೆ ಕೆಳಗೆ ಹಾದ ಕಬ್ಬಿಣದ ಪೈಪುಗಳ ಬಿಸಿಯಲ್ಲಿ ಸೊಪ್ಪು ಒಣಗುವ ಎತ್ತರದ ಕೋಣೆ. ನಮ್ಮವರ ಧ್ವನಿ ಊರಿಗೇ ಗೊತ್ತು. ಶ್ರಾವಣ ಶನಿವಾರ ನಾಮ ಹಾಕಿಕೊಂಡು ಮನೆ ಮನೆಗೆ ದೇವರ ಹೆಸರಲ್ಲಿ ಅಕ್ಕಿ ಬೇಡಿ ಪಡಿ ಎತ್ತಲು ಹೊರಟರೆ, ಅವರ 'ಗೋವಿಂದಾ' ಕೆರೆಯ ಆಚೆಗೂ ಕೇಳುತ್ತಿತ್ತು. ಹಿತ್ತಲಲ್ಲಿ ನಿಂತು "ಅಮ್ಮೀ" ಎಂದು ನನ್ನನ್ನು ಕರೆದರೆ ಕೊಟ್ಟಿಗೆಯಲ್ಲಿದ್ದ ಕೆಂಪಿ ಹಸುವೂ ಅಂಬಾ ಎನ್ನುತ್ತಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಧ್ವನಿ ಒಡೆಯಿತು, ಆಮೇಲೆ ಪಿಸುಮಾತಾಯಿತು. ಬೀಡಿಯ ಕೆಮ್ಮು ಎಂದುಕೊಂಡು ಶುಂಠಿ, ಮೆಣಸು ಕುದಿಸಿ ಕೊಡುತ್ತಾ ಕೂತೆವು.

ಆ ವಾರ ನಾನೂ ಜೊತೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಎರಡು ದಾರಿ ಹೇಳಿದರು. ಆಪರೇಷನ್ ಮಾಡಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು, ಆ ಧ್ವನಿ ಮತ್ತೆ ಬರುವುದಿಲ್ಲ. ಕರೆಂಟು, ಅಂದರೆ ರೇಡಿಯೇಷನ್ ಕೊಟ್ಟು, ಜೊತೆಗೆ ಔಷಧಿ ಏರಿಸಿದರೆ ಧ್ವನಿ ಉಳಿದರೂ ಉಳಿಯಬಹುದು, ಆದರೆ ಇವರ ಗಂಟಲಲ್ಲಿ ಅದು ಬಹಳ ಒಳಗೆ ಇಳಿದಿದೆ, ಮತ್ತೆ ಬಂದರೆ ಆಮೇಲೆ ಕಷ್ಟ. "ನಾನು ಆಪರೇಷನ್ನೇ ಹೇಳ್ತೀನಿ. ಆದ್ರೆ ಒಪ್ಪಬೇಕಾದವರು ನೀವು. ಸೋಮವಾರ ಬಂದು ಹೇಳಿ" ಅಂದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಾಗಿಲಿಲ್ಲದ ಕೋಣೆಯಲ್ಲಿ ಕೂರಿಸಿದ ಹಾಗಿತ್ತು. ಜೀವ ಉಳಿಯಲಿ ಎನ್ನಲು ನನಗೆ ಬಾಯಿ ಬರಲಿಲ್ಲ, ಧ್ವನಿ ಉಳಿಯಲಿ ಎನ್ನಲು ಧೈರ್ಯ ಬರಲಿಲ್ಲ.

ಶುಕ್ರವಾರ ಊರಮ್ಮನ ಗುಡಿಗೆ ಹೋಗಿ ಹೂ ಕೇಳಿದೆ. ಅಮ್ಮನ ಎರಡೂ ಭುಜಕ್ಕೆ ಪೂಜಾರಪ್ಪ ನೀರಲ್ಲಿ ಅದ್ದಿದ ಹೂ ಅಂಟಿಸಿದರು. ಬಲಗಡೆಯದು ಬಿದ್ದರೆ ಆಪರೇಷನ್, ಎಡಗಡೆಯದು ಬಿದ್ದರೆ ಕರೆಂಟು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಹಳ ಹೊತ್ತು ಯಾವುದೂ ಅಲ್ಲಾಡಲಿಲ್ಲ. ಆಮೇಲೆ ಎರಡೂ ಒಟ್ಟಿಗೆ ಜಾರಿ ಬಿದ್ದವು. ಪೂಜಾರಪ್ಪ ಕೇಳಿ ತಿಳಿದುಕೊಂಡು ಬೈದೇಬಿಟ್ಟರು: "ಒಂದೇ ಕೇಳ್ಬೇಕು ಕಣವ್ವ, ಆಯ್ತದಾ ಆಗಾಕಿಲ್ವಾ ಅಂತ. ನೀನು ಎರಡ್ ಕಡೀಕೂ ಆಸೆ ಕಟ್ಟಿದ್ರೆ ಅಮ್ಮ ಏನ್ ಮಾಡ್ತಾಳೆ?"

ಮಾರನೆಯ ದಿನ ಶನಿವಾರ. ಊರಿನವರು ಪಡಿ ಎತ್ತಲು ಹೋದರು, ಇವರು ಹೋಗಲಿಲ್ಲ. ನಡುಮನೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದರು. ಬ್ಯಾರನ್‌ನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿ ನೋಡಬೇಕಾಗಿದ್ದ ಮೈದುನ ಸೌದೆ ತರಲು ಹೋಗಿದ್ದ. ಮಧ್ಯಾಹ್ನ, ನಾನು ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕಿದ್ದೆ.

"ಅಮ್ಮೀ! ಪೈಪ್ ನೋಡಮ್ಮೀ!"

ಹಿತ್ತಲಿಂದ ಬಂತು. ಅವರದೇ ಧ್ವನಿ, ಒಡೆಯದ, ಹಳೆಯ ಧ್ವನಿ. ಕೆಂಪಿ ಅಂಬಾ ಎಂದಿತು. ಆಶ್ಚರ್ಯಪಡಬೇಕೆಂದೂ ನನಗೆ ಹೊಳೆಯಲಿಲ್ಲ. ಯಾವಾಗಲೂ ಓಡುವ ಹಾಗೆಯೇ ಓಡಿದೆ. ಬ್ಯಾರನ್ ಬಾಗಿಲು ತೆಗೆದರೆ, ಮೇಲೆ ಸೊಪ್ಪು ಕಟ್ಟಿ ತೂಗುಹಾಕಿದ ಕಡ್ಡಿಯಿಂದ ಕಳಚಿದ ಎಲೆಯೊಂದು ಕಾದ ಪೈಪಿನ ಮೇಲೆ ಬಿದ್ದು ಅಂಚೆಲ್ಲ ಕೆಂಪಾಗಿತ್ತು. ಮೇಲೆ ಅಷ್ಟೂ ಒಣಗಿದ ಸೊಪ್ಪು. ಕೋಲಿನಿಂದ ಎಲೆಯನ್ನು ಎಳೆದು ಹಾಕಿ ತುಳಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಬ್ಯಾರನ್ನೂ ಇರುತ್ತಿರಲಿಲ್ಲ, ಅದಕ್ಕೆ ತಾಗಿದ ಕೊಟ್ಟಿಗೆಯೂ ಇರುತ್ತಿರಲಿಲ್ಲ.

ಆಮೇಲೆ ಸುತ್ತ ನೋಡಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಬೇಲಿಯಾಚೆ ಪಾತ್ರೆ ತಿಕ್ಕುತ್ತಿದ್ದ ರಾಜಮ್ಮನನ್ನು ಕೇಳಿದೆ. "ಯಾರ್ ಕೂಗಿದ್ದೂ ಕೇಳ್ನಿಲ್ಲ ಕಣಕ್ಕ. ನಿಮ್ಮ ಹಸ ಅರಚ್ತು, ನೀನು ಹುಚ್ಚಿ ಥರ ಓಡ್ದೆ, ಅಷ್ಟೇಯ" ಅಂದಳು.

ಒಳಗೆ ಬಂದರೆ ಇವರು ಅದೇ ಗೋಡೆ ಕಡೆ ಮಲಗಿದ್ದಾರೆ. ಎಬ್ಬಿಸಿ, "ನೀವು ಕೂಗಿದ್ರಾ?" ಅಂದೆ.

"ಕೂಗೋ ಗಂಟ್ಲಾ ಇದು?" ಎಂದು ಪಿಸುಗುಟ್ಟಿದರು.

ಎಲ್ಲವನ್ನೂ ಹೇಳಿದೆ. ನಂಬಲಿಲ್ಲ ಎಂದೂ ಹೇಳಲಿಲ್ಲ, ನಂಬಿದೆ ಎಂದೂ ಹೇಳಲಿಲ್ಲ. ಎದ್ದು ಕೂತು, ನನ್ನನ್ನು ಹತ್ತಿರ ಕರೆದು ಗಂಟಲು ಮುಟ್ಟಿಕೊಂಡರು. "ಇಲ್ಲಿ ಇಲ್ದೆ ಹೋದ್ರೂ ನಿನ್ನ ಕಿವೀಲಿ ಐತಲ್ಲ ಅಮ್ಮೀ, ಸಾಕು ಬುಡು. ತೆಗೆಸ್‌ಬುಡಾಣ. ಇನ್ಮ್ಯಾಲೆ ಮನೇಲಿ ಬೈಯೋದೆಲ್ಲ ನಿಂದೇಯ" ಅಂದರು. ನಗಲು ಹೋಗಿ ಕೆಮ್ಮಿದರು. ಒಲೆಯ ಮೇಲೆ ಹಿಟ್ಟು ತಳ ಹತ್ತಿತ್ತು.

ಸೋಮವಾರ ಒಪ್ಪಿ ಬಂದೆವು. ಆಪರೇಷನ್ ಆಯಿತು. ಇಂದು ಅವರು ಬದುಕಿದ್ದಾರೆ, ಮೆತ್ತಗೆ ಮಾಡಿದರೆ ಮುದ್ದೆ ನುಂಗುತ್ತಾರೆ, ಶ್ರಾವಣದಲ್ಲಿ ಜಾಗಟೆ ಹಿಡಿದು ಮಿಕ್ಕವರ ಜೊತೆ ಹೊರಡುತ್ತಾರೆ. ಇಷ್ಟು ಕೊಟ್ಟ ದೇವರಿಗೆ ನಾನು ದೂರು ಹೇಳಬಾರದು.

ಆದರೂ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಆ ಕೂಗು ಹೋಗಿ ಬರುತ್ತೇನೆ ಎಂದಿತೋ, ನನ್ನನ್ನು ತೆಗೆಸಬೇಡ ಎಂದಿತೋ? ಇವರು ಒಂದು ಅರ್ಥ ಮಾಡಿಕೊಂಡರು, ನಾನು ಸುಮ್ಮನಿದ್ದೆ. ಹೂವಿನ ಹಾಗೆ ಅದೂ ಎರಡೂ ಕಡೆಗೆ ಬಿದ್ದಿತ್ತೇನೋ. ಅಂದಿನಿಂದ ಹಿತ್ತಲಿಗೆ ಹೋದಾಗೆಲ್ಲ ಒಂದು ಗಳಿಗೆ ನಿಲ್ಲುತ್ತೇನೆ. ಕೆಂಪಿಯೂ ಕಿವಿ ನಿಮಿರಿಸುತ್ತದೆ. ಏನೂ ಬಂದಿಲ್ಲ.

ಒಳಗೆ ಲೋಟ ತಟ್ಟುತ್ತಿದ್ದಾರೆ. ಹಸಿವಾಗಿರಬೇಕು. ಎಸರು ಕುದಿಯುತ್ತಿದೆ, ಹಿಟ್ಟು ಹಾಕಬೇಕು.