ಬಾವಿಕಟ್ಟೆಯ ಹೆಂಗಸು

ವೆರ್ಬೋವೆ ಹಳ್ಳಿಯ ಹೊರ್ಪಿನಾಳಿಗೆ ಚಿತ್ರ ಬರೆಯುವುದನ್ನು ಯಾರೂ ಹೇಳಿಕೊಟ್ಟವರಿಲ್ಲ. ಬೆಕ್ಕಿನ ಕೂದಲನ್ನು ಕಡ್ಡಿಗೆ ಕಟ್ಟಿ ಕುಂಚ ಮಾಡುವುದು, ಬಣ್ಣದ ಪುಡಿಯನ್ನು ಮೊಟ್ಟೆಯ ಲೋಳೆಯಲ್ಲಿ ಕದಡುವುದು, ಇಷ್ಟನ್ನು ತಾಯಿ ತೋರಿಸಿದ್ದಳು. ಉಳಿದದ್ದನ್ನು ಕೈ ತಾನಾಗಿಯೇ ಕಲಿತುಕೊಂಡಿತು. ಬೇಸಿಗೆಯೆಲ್ಲ ಊರಿನ ಸಾಮೂಹಿಕ ಜಮೀನಿನಲ್ಲಿ ಬೀಟ್ ಗಡ್ಡೆಯ ಕೆಲಸ. ಹಿಮ ಬಿದ್ದು ಹೊಲ ಮುಚ್ಚಿತೆಂದರೆ ಕುಂಚ ಹೊರಗೆ ಬರುತ್ತಿತ್ತು.

ಊರಿನಲ್ಲಿ ಯಾವ ಮನೆಗೆ ಯಾವ ಚಿತ್ರ ಎನ್ನುವುದಕ್ಕೆ ಒಂದು ಕ್ರಮವಿತ್ತು. ಒಲೆಯ ಗೋಡೆಗೆ ಹೂಬಳ್ಳಿ. ಅದಕ್ಕೆ ಪ್ರತಿವರ್ಷ ಈಸ್ಟರಿಗೆ ಮುಂಚೆ ಸುಣ್ಣ ಬಳಿದು ಹೊಸದಾಗಿ ಬರೆಯಬೇಕು, ಹಾಗಾಗಿ ಹೊರ್ಪಿನಾಳ ತಾಯಿಯ ಹೂಗಳು ಮೂವತ್ತು ಪದರ ಸುಣ್ಣದ ಕೆಳಗೆ ಎಲ್ಲೋ ಇವೆ. ಮುದುಕರಿಗೆ ಓಕ್ ಮರದಡಿ ಚಕ್ಕಳಮಕ್ಕಳ ಹಾಕಿ ಕುಳಿತು ತಂತಿವಾದ್ಯ ಮೀಟುವ ಹಿಂದಿನ ಕಾಲದ ಕುದುರೆಸವಾರ ಕೊಸಾಕ್ ವೀರ ಬೇಕು. ಹೊಸ ಮನೆ ಕಟ್ಟಿದವರಿಗೆ ಕೊಳದಲ್ಲಿ ಎರಡು ಹಂಸ. ಹೊರ್ಪಿನಾ ಜನ್ಮದಲ್ಲಿ ಹಂಸ ಕಂಡವಳಲ್ಲ, ಅವಳ ಹಂಸಗಳೆಲ್ಲ ಕತ್ತು ಉದ್ದ ಮಾಡಿಕೊಂಡ ಊರಿನ ಬಾತುಗಳೇ. ಆದರೂ ಯಾರೂ ಬೇಡವೆಂದದ್ದಿಲ್ಲ. ಇನ್ನು ಮದುವೆಯಾಗಿ ಹೋಗುವ ಹುಡುಗಿಗೆ ಬಾವಿ. ಒಂದು ಏತದ ಬಾವಿ, ಪಕ್ಕದಲ್ಲಿ ಬಕೆಟು ಹಿಡಿದ ಹುಡುಗಿ, ಎದುರಿಗೆ ಕುದುರೆ ಇಳಿದು ನಿಂತ ಕೊಸಾಕ್ ತರುಣ. ಹಾಸಿಗೆಯ ದುಪ್ಪಟಿಯಷ್ಟು ಅಗಲದ ಬಟ್ಟೆಯ ಮೇಲೆ ಬರೆದು ಕೊಟ್ಟರೆ, ಹುಡುಗಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದು ಗಂಡನ ಮನೆಯಲ್ಲಿ ಮಂಚದ ಮೇಲಿನ ಗೋಡೆಗೆ ಹಾಕುತ್ತಿದ್ದಳು. ಬರಿಗೋಡೆಯ ಸೊಸೆ ಎಂದು ಕರೆಸಿಕೊಳ್ಳಲು ಯಾವ ಹುಡುಗಿಗೂ ಇಷ್ಟವಿರಲಿಲ್ಲ.

ಐವತ್ತಾರನೆಯ ಇಸವಿಯ ಚಳಿಗಾಲದಲ್ಲಿ ಯಾವ್ದೋಖಾ ಕಾರ್ಖಾನೆಯ ಹೊಸ ದುಪ್ಪಟಿ ಹಿಡಿದು ಬಂದಳು. ಅವಳ ಮಗಳು ಸ್ತೇಖಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡವಳು ಹೊರ್ಪಿನಾ. ಆ ಸಂಬಂಧದಿಂದ ಇಬ್ಬರೂ ಒಬ್ಬರನ್ನೊಬ್ಬರು ಕೂಮಾ ಎಂದೇ ಕರೆಯುತ್ತಿದ್ದರು, ಸ್ತೇಖಾ ಹೊರ್ಪಿನಾಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು.

"ಕೂಮಾ, ನೀನು ಬರೆಯೋ ಹುಡುಗೀರಿಗೆಲ್ಲ ಒಂದೇ ಮುಖ. ನಮ್ಮ ಸ್ತೇಖಾ ಹೋಗ್ತಿರೋದು ಹೊಳೆಯಾಚೆಗೆ. ಅಲ್ಲಿಯೋರು ಮೂಗು ಮುರಿಯೋದ್ರಲ್ಲಿ ಎತ್ತಿದ ಕೈ. ಈ ಸಲ ಹುಡುಗಿ ಮುಖದಲ್ಲಿ ಒಂಚೂರು ಜೀವ ಇರ್ಲಿ."

"ಜೀವ ಬೇಕಾದ್ರೆ ಪಾದ್ರಿಗಳ ಹತ್ರ ಹೋಗು. ನನ್ನ ಹತ್ರ ಇರೋದು ಬಣ್ಣ."

ಹಾಗೆಂದು ಕಳಿಸಿದಳೇನೋ ಸರಿ, ಆ ಮಾತು ಮಾತ್ರ ಮುಳ್ಳಿನಂತೆ ಚುಚ್ಚಿಕೊಂಡೇ ಇತ್ತು. ಇಪ್ಪತ್ತೈದು ಬಾವಿ ಬರೆದವಳಿಗೆ ಹುಡುಗಿಯ ಮುಖ ಬರೆಯಲು ಬರುವುದಿಲ್ಲವೆಂದರೆ! ಹೊರ್ಪಿನಾ ನಾಲ್ಕು ದಿನ ಬೆಳಕಿರುವಷ್ಟೂ ಹೊತ್ತು ಕುಳಿತು ಬರೆದಳು. ಸಾಮೂಹಿಕ ಜಮೀನಿನ ಕುದುರೆಲಾಯದಲ್ಲಿ ಕೆಲಸ ಮಾಡುವ ಗಂಡ ಕಿಂದ್ರಾತ್ ಊಟಕ್ಕೆ ಬಂದರೆ ಬಟ್ಟೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಅವನು ಬೀಟ್‌ರೂಟ್ ಸಾರು ಕುಡಿದು ಲಾಯಕ್ಕೆ ಹೋದ.

ಗುರುವಾರ ಬೆಳಿಗ್ಗೆ ತಾಯಿ ಮಗಳು ಬಂದರು. ಪೆಟ್ಟಿಗೆ ಒಯ್ಯಲು ಹೊಳೆಯಾಚೆಯವರು ಭಾನುವಾರ ಬರುವವರಿದ್ದರು. ಹೊರ್ಪಿನಾ ಬಟ್ಟೆಯನ್ನು ತಿರುಗಿಸಿದಳು. ಯಾವ್ದೋಖಾ ಒಂದು ಕ್ಷಣ ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಏನು ಮಾಡಿಟ್ಟಿದೀಯ ಕೂಮಾ? ತಲೆಗೆ ವಸ್ತ್ರ ಕಟ್ಟಿದೀಯಲ್ಲೇ!"

ಹೊರ್ಪಿನಾ ಹತ್ತಿರ ಬಂದು ನೋಡಿದಳು. ಕಟ್ಟಿದ್ದಳು. ಬಾವಿಯ ಹುಡುಗಿ ಬರಿದಲೆಯಲ್ಲಿರಬೇಕು, ಬೆನ್ನ ಮೇಲೆ ಜಡೆ, ಜಡೆಗೆ ರಿಬ್ಬನ್. ಮದುವೆಯ ದಿನ ಜಡೆ ಬಿಚ್ಚಿ ತಲೆಗೆ ವಸ್ತ್ರ ಕಟ್ಟಿದರೆಂದರೆ ಅದು ಸಾಯುವತನಕ. ಇಲ್ಲಿ ಕೆಂಪು ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಗಂಟುಹಾಕಿಕೊಂಡು, ಗೃಹಿಣಿಯೊಬ್ಬಳು ಕುದುರೆಯವನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಳು. ನಾಲ್ಕು ದಿನವೂ ಕೈ ಅದನ್ನೇ ಬರೆದಿತ್ತು, ಕಣ್ಣು ನೋಡಿರಲಿಲ್ಲ.

"ಮದುವೆಯಾದೋಳು ಬಾವಿಕಟ್ಟೆ ಹತ್ರ ಪರಗಂಡಸಿನ ಜೊತೆ ನಿಂತಿದಾಳೆ! ಇದನ್ನ ನನ್ನ ಮಗಳ ಮಂಚದ ಮೇಲೆ ಹಾಕೋದಾ? ಹೊಳೆಯಾಚೆಯೋರು ಏನಂದಾರು?"

ಸ್ತೇಖಾಳಿಗೆ ನಗು ತಡೆಯಲಾಗಲಿಲ್ಲ. "ಚಿಕ್ಕಮ್ಮಾ, ಇವಳು ಥೇಟ್ ನಿನ್ನ ಹಾಗೇ ಇದಾಳೆ! ಮುಖದಲ್ಲಿ ಜೀವ ಏನೋ ಇದೆ ಬಿಡಮ್ಮ."

"ನೀನು ಬಾಯಿ ಮುಚ್ಚು! ಕೂಮಾ, ಆ ಕೆಂಪಿನ ಮೇಲೆ ಕಪ್ಪು ಹಚ್ಚಿ ಕೂದಲು ಮಾಡು. ಅರ್ಧ ಗಂಟೆ ಕೆಲಸ. ನಾನು ಇಲ್ಲೇ ಕೂತಿರ್ತೀನಿ."

ನಿಜ, ಅರ್ಧ ಗಂಟೆಯ ಕೆಲಸ. ಹೊರ್ಪಿನಾ ಕುಂಚವನ್ನು ಕಪ್ಪಿನಲ್ಲಿ ಅದ್ದಿದಳು. ಕೈ ಮೇಲೇಳಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಎರಡೂ ಕಡೆಯ ಹಿರಿಯರು ಕುಳಿತು ಮಾತಾಡಿ ಮದುವೆ ಮುಗಿಸಿದ್ದರು, ಮದುವೆಯಾದ ಹತ್ತನೆಯ ದಿನಕ್ಕೆ ಕಿಂದ್ರಾತ್ ಸೈನ್ಯಕ್ಕೆ ಹೊರಟುಹೋದ. ಎರಡು ವರ್ಷ ಕಳೆದು, ರೈಲಿಳಿದು ಯಾರದೋ ಕುದುರೆ ಹತ್ತಿಕೊಂಡು ಬಂದ. ಬಾವಿಯ ಹತ್ತಿರ ಹೊರ್ಪಿನಾ ನೀರು ಸೇದುತ್ತಿದ್ದಳು. ದೂರದಿಂದಲೇ ಗುರುತು ಹಿಡಿದಳು. ಅವನು ಇಳಿದು ಬಂದು, "ಅಕ್ಕಾ, ಕುದುರೆಗೆ ಒಂಚೂರು ನೀರು ಕೊಡ್ತೀಯಾ?" ಎಂದ. ತಲೆವಸ್ತ್ರದಲ್ಲಿ ಅವಳನ್ನು ಹತ್ತೇ ದಿನ ಕಂಡಿದ್ದ, ಅವನ ನೆನಪಿನಲ್ಲಿ ಉಳಿದದ್ದು ಮದುವೆಗೆ ಮುಂಚಿನ ಜಡೆಯ ಹುಡುಗಿ. ಹೊರ್ಪಿನಾ ಬಕೆಟು ಹಿಡಿದು ಕಾದಳು, ಈಗ ತಿಳಿಯುತ್ತದೆ, ಈಗ ತಿಳಿಯುತ್ತದೆ ಎಂದು. "ಯಾರ ಮನೆಯವಳು ನೀನು?" ಎಂದು ಕೇಳಿದ. "ಕಿಂದ್ರಾತನ ಹೆಂಡತಿ" ಎಂದಳು. ಆ ಮಹಾರಾಯ ಹಲ್ಲುಕಿರಿದು, "ಹೌದಾ? ನನ್ನ ಹೆಸರೂ ಕಿಂದ್ರಾತನೇ!" ಎಂದುಬಿಟ್ಟ. ಹೊರ್ಪಿನಾ ಬಕೆಟಿನ ನೀರನ್ನೆಲ್ಲ ಅವನ ಕಾಲ ಮೇಲೆ ಸುರಿದು ಮನೆಗೆ ನಡೆದಳು. ಅವನು ಮನೆಗೆ ಬಂದಾಗ ಕಡುಬು ಬಡಿಸಿದಳು, ಅವನು ತಲೆ ತಗ್ಗಿಸಿಕೊಂಡು ತಿಂದ. ಅಂದಿನಿಂದ ಇಂದಿನವರೆಗೆ ಇಬ್ಬರೂ ಆ ವಿಷಯ ಎತ್ತಿಲ್ಲ. ಅವನು ಮರೆತಿದ್ದಾನೆಂದೇ ಅವಳು ತಿಳಿದಿದ್ದಳು.

ಈಗ ಕಪ್ಪು ಹಚ್ಚಿದರೆ ಬಾವಿಕಟ್ಟೆಯ ಆ ದಿನವೇ ಅಳಿಸಿಹೋಗುತ್ತದೆ. ಹಚ್ಚದಿದ್ದರೆ ಎತ್ತಿ ಆಡಿಸಿದ ಹುಡುಗಿ ಬರಿಗೋಡೆಯ ಮನೆಗೆ ಹೋಗುತ್ತಾಳೆ. ಹೊರ್ಪಿನಾಳಿಗೆ ಅಳು ಬಂತು, ಯಾವ್ದೋಖಾಳ ಎದುರಿಗೆ ಅಳುವುದೇ ಎಂದು ನುಂಗಿಕೊಂಡಳು.

ಅಷ್ಟರಲ್ಲಿ ಕಿಂದ್ರಾತ್ ಕೈಗವುಸು ಹುಡುಕಿಕೊಂಡು ಲಾಯದಿಂದ ಬಂದ. ಯಾವ್ದೋಖಾ ಅವನ ಮುಂದೆ ಇನ್ನೊಮ್ಮೆ ಎಲ್ಲವನ್ನೂ ಒದರಿದಳು, ತಲೆವಸ್ತ್ರದ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಟೋಪಿ ತೆಗೆದು ಚಿತ್ರದ ಮುಂದೆ ನಿಂತ. ತಲೆವಸ್ತ್ರವನ್ನು ನೋಡಲೇ ಇಲ್ಲ. ಬಗ್ಗಿ ಬಟ್ಟೆಯ ಕೆಳತುದಿಯನ್ನು ನೋಡಿದ.

"ಬೂಟು ಒದ್ದೆಯಾಗಿದೆ," ಎಂದ.

ಹೌದು, ಕೊಸಾಕನ ಕೆಂಪು ಬೂಟಿನ ಮೇಲೆ ಹೊರ್ಪಿನಾ ನೀರಿನ ಗೆರೆ ಎಳೆದಿದ್ದಳು, ಸುತ್ತ ಒಂದಿಷ್ಟು ಕೆಸರನ್ನೂ ಹಾಕಿದ್ದಳು. ಅದು ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಕುಂಚ ಕೆಳಗಿಡೇ," ಎಂದ ಕಿಂದ್ರಾತ್.

"ಕೆಳಗಿಡೋದಾ? ದುಪ್ಪಟಿ ನಂದು!" ಯಾವ್ದೋಖಾ ಎದ್ದು ನಿಂತಳು.

ಕಿಂದ್ರಾತ್ ತಮ್ಮ ಮನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದ. ತಳದಲ್ಲಿ ಹೊರ್ಪಿನಾ ತಮ್ಮಿಬ್ಬರ ಸಾವಿಗೆಂದು ತೆಗೆದಿಟ್ಟ ಬಟ್ಟೆಯಿತ್ತು, ಅವಳ ತಾಯಿ ಕೈಯಾರೆ ನೇಯ್ದದ್ದು. ಅದರಲ್ಲಿ ತನ್ನ ಪಾಲಿನದನ್ನು ಎಳೆದು ಮೇಜಿನ ಮೇಲೆ ಹಾಕಿದ.

"ಅದು ನಿನ್ನನ್ನ ಕಳಿಸಿಕೊಡೋ ದಿನಕ್ಕೆ ಇಟ್ಟಿದ್ದು!" ಎಂದು ಹೊರ್ಪಿನಾ ಕೂಗಿದಳು.

"ನನಗೀಗ ಸಾಯೋಕೆ ಪುರುಸೊತ್ತಿಲ್ಲ. ಆಮೇಲೆ ಹೋದ್ರೆ ಹಳೇ ಅಂಗೀಲೇ ಹೋಗ್ತೀನಿ. ಇದರ ಮೇಲೆ ಹುಡುಗಿಗೆ ಬೇರೆ ಬರ್ಕೊಡು. ಜಡೆ ಹಾಕು, ರಿಬ್ಬನ್ ಹಾಕು, ಎಷ್ಟು ಬೇಕಾದ್ರೂ ಹಾಕು."

ಯಾವ್ದೋಖಾ ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಇಂಥ ನೇಯ್ಗೆ ಈಗ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಸಿಟ್ಟು ಅರ್ಧಕ್ಕರ್ಧ ಇಳಿಯಿತು. "ಒಣಗುತ್ತೇನೇ ಭಾನುವಾರದೊಳಗೆ?" ಎಂದಳು.

"ಒಲೆ ಮುಂದೆ ಹಿಡಿದು ಒಣಗಿಸ್ತೀನಿ ಚಿಕ್ಕಮ್ಮಾ, ನಾನೇ ಬರ್ತೀನಿ," ಎಂದಳು ಸ್ತೇಖಾ.

ಹಾಗೇ ಆಯಿತು. ಭಾನುವಾರ ಹೊಳೆಯಾಚೆಯವರು ಬಂದು ಬಟ್ಟೆ ಬಿಡಿಸಿ ನೋಡಿ, ಜಡೆ ಚೆನ್ನಾಗಿದೆ, ಕುದುರೆ ಇನ್ನೂ ಚೆನ್ನಾಗಿದೆ ಎಂದರು. ಹುಡುಗಿಯ ಮುಖದ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಅದು ಎಂದಿನ ಮುಖವೇ ಆಗಿತ್ತು. ಹೊರ್ಪಿನಾಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ಕಾರ್ಖಾನೆಯ ದುಪ್ಪಟಿಯನ್ನು ಕಿಂದ್ರಾತನೇ ಮೊಳೆ ಹೊಡೆದು ತಮ್ಮ ಮಂಚದ ಮೇಲೆ ತೂಗುಹಾಕಿದ. ಊರಿಗೆಲ್ಲ ಚಿತ್ರ ಬರೆದುಕೊಟ್ಟವಳ ಮನೆಯಲ್ಲಿ ಅಲ್ಲಿಯತನಕ ಒಲೆಯ ಹೂ ಬಿಟ್ಟರೆ ಬೇರೊಂದು ಚಿತ್ರ ಇರಲಿಲ್ಲ. ನೋಡಲು ಊರಿನ ಹೆಂಗಸರೆಲ್ಲ ಬಂದರು. ಯಾವ್ದೋಖಾ ಎಲ್ಲರಿಗಿಂತ ಮುಂದೆ ನಿಂತು ಕೆಣಕಿದಳು.

"ನೋಡಿದ್ರೇನ್ರೇ? ತಲೆಗೆ ವಸ್ತ್ರ ಬಿಗಿದುಕೊಂಡು ಪರಗಂಡಸಿನ ಜೊತೆ ಹೇಗೆ ನಿಂತಿದಾಳೆ! ಯಾರ ಹೆಂಡತಿಯಪ್ಪಾ ಇವಳು?"

ಬೆಂಚಿನ ಮೇಲೆ ಕುದುರೆಯ ಲಗಾಮು ಹೊಲಿಯುತ್ತಿದ್ದ ಕಿಂದ್ರಾತ್ ತಲೆ ಎತ್ತದೆ, "ಕಿಂದ್ರಾತನ ಹೆಂಡತಿ," ಎಂದ.

ಹೊರ್ಪಿನಾ ಒಲೆಯ ಮುಂದೆ ಕಡುಬು ಬೇಯಿಸುತ್ತಿದ್ದಳು. ಸೌಟು ಹಿಡಿದವಳು ಹಾಗೇ ತಿರುಗಿದಳು.

"ಯಾವ ಕಿಂದ್ರಾತ?"

ಅವನು ಲಗಾಮನ್ನು ಕೆಳಗಿಟ್ಟ. "ನಾನೇ ಕಣೇ," ಎಂದ.