ದಾನಿಗಳ ಕೋಣೆಗೆ ಹೋದ ಟೈಲರಕ್ಕ

ನಮ್ಮ ಬೀದಿಯ ಟೈಲರಕ್ಕ ತಮ್ಮನಿಗೆ ಕಿಡ್ನಿ ಕೊಟ್ಟು ಕೆಲವು ವರ್ಷಗಳಾದವು. ತಮ್ಮ ಬಸ್ ಡ್ರೈವರ್. ವಿಶ್ವವಿದ್ಯಾಲಯದ ಆಸ್ಪತ್ರೆಯವರು ಅವನ ಮೇಲೆ ಸಂಶೋಧನೆ ನಡೆಸುತ್ತಾರೆ. ಅವನು ಕೆಮ್ಮಿದರೂ ಬರೆದುಕೊಳ್ಳುತ್ತಾರೆ. ಪ್ರೊಫೆಸರರಂತೂ ಸಭೆಗಳಲ್ಲಿ ಅವನ ಸ್ಕ್ಯಾನ್ ತೋರಿಸಿ "ನಮ್ಮ ಕಿಡ್ನಿ ಹೇಗಿದೆ ನೋಡಿ" ಎಂದು ಎದೆಯುಬ್ಬಿಸುತ್ತಾರಂತೆ. ಅಕ್ಕನ ಕಿಡ್ನಿ ತಮ್ಮನ ಹೊಟ್ಟೆ ಸೇರಿದ್ದು ಸರಿ. ಪ್ರೊಫೆಸರರ ಸ್ವಂತ ಆಸ್ತಿಯಾದದ್ದು ಯಾವಾಗ?

ಈಚೆಗೆ ಅಕ್ಕನ ಪಾದ ಊದತೊಡಗಿತು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತು, ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವುದೇ ಕಷ್ಟ. ಉಳಿದಿರುವುದು ಒಂದೇ ಕಿಡ್ನಿ, ಅದಕ್ಕೂ ಏನಾದರೂ ಆಯಿತೇನೋ ಎಂದು ಹೆದರಿ ಆಸ್ಪತ್ರೆಗೆ ಹೋದಳು.

"ಪೇಷಂಟಾ?" ಎಂದಳು ಕೌಂಟರಿನವಳು.

"ಅಲ್ಲಮ್ಮ, ದಾನಿ."

ಅಷ್ಟೇ. ಕೌಂಟರಿನವಳು ದಡಬಡಿಸಿ ಎದ್ದಳು. ಲಿಫ್ಟಿನಲ್ಲಿ ಮೇಲಿನ ದಾನಿಗಳ ಕೋಣೆಗೆ ಕರೆದೊಯ್ದು ಅಕ್ಕನನ್ನು ಮೆತ್ತನೆಯ ಸೋಫಾದಲ್ಲಿ ಕೂರಿಸಿದರು. ಟೈ ಕಟ್ಟಿದವನೊಬ್ಬ ಕಿವಿಯಿಂದ ಕಿವಿಗೆ ನಗುತ್ತ ಬಂದ.

"ಹೊಸ ಕಟ್ಟಡಕ್ಕೆ ಏನು ಕೊಡ್ಬೇಕು ಅಂತಿದ್ದೀರಿ ಮೇಡಂ? ಮಂಚ? ಫ್ಯಾನು? ಫ್ಯಾನಾದ್ರೆ ರೆಕ್ಕೆ ಮೇಲೆ ನಿಮ್ಮ ಹೆಸರು ಬರೆಸ್ತೀವಿ."

"ಕೊಡೋದೆಲ್ಲ ಕೊಟ್ಟಾಯ್ತಪ್ಪ. ಕಿಡ್ನಿ ಕೊಟ್ಟಿದ್ದೀನಿ."

ನಗು ಅಲ್ಲೇ ಬತ್ತಿತು. "ಓ, ಆ ಥರದ ದಾನಿಯಾ?" ಅಕ್ಕನಿಗೆಂದು ಬಂದ ಕಾಫಿ ಬಾಗಿಲಿನಿಂದಲೇ ವಾಪಸ್ ಹೋಯಿತು.

ಕೆಳಗೆ, ಸಂಶೋಧನೆಯ ಕೋಣೆಯಲ್ಲಿ, ಕಿರಿಯ ಡಾಕ್ಟರ್ ತಲೆಯೆತ್ತದೆ ಹೇಳಿದ: "ನಮ್ಮ ಅಧ್ಯಯನ ಕಿಡ್ನಿ ತಗೊಂಡವರದ್ದಮ್ಮ. ಕೊಟ್ಟವರು ಆರೋಗ್ಯವಾಗಿರ್ತಾರೆ. ಅದಕ್ಕೇ ತಾನೇ ಅವರಿಂದ ತಗೊಳ್ಳೋದು?"

ಏನು ತರ್ಕ! ಕೊಯ್ದ ದಿನ ಗಟ್ಟಿಯಾಗಿದ್ದ ಹೆಂಗಸು ಜನ್ಮವಿಡೀ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ವಿಜ್ಞಾನಕ್ಕೇ ಅವಮಾನ.

ಮನೆಗೆ ಬಂದು ಅಕ್ಕ ಇದನ್ನೆಲ್ಲ ತಮ್ಮನಿಗೆ ಹೇಳಿದಳು. ತನ್ನ ತಪಾಸಣೆಯ ದಿನ ಅವನು ಅವಳನ್ನೂ ಎಳೆದುಕೊಂಡು ಹೋದ. ನರ್ಸ್ ರಕ್ತ ತೆಗೆಯಲು ಬಂದರೆ ಕೈಕಟ್ಟಿ ಕೂತ.

"ಮೊದ್ಲು ಅಕ್ಕನ್ನ ನೋಡಿ."

"ಅವರು ನಮ್ಮ ಅಧ್ಯಯನದಲ್ಲಿಲ್ಲ," ಎಂದರು ಪ್ರೊಫೆಸರ್.

"ಹಾಗಾದ್ರೆ ನಾನೂ ಇಲ್ಲ. ಸಭೇಲಿ ತೋರಿಸೋಕೆ ಬೇರೆ ಹೊಟ್ಟೆ ಹುಡುಕ್ಕೊಳ್ಳಿ ಸಾರ್."

"ಸುಮ್ನಿರೋ, ದೊಡ್ಡವರ ಹತ್ರ ಹೀಗಾ ಮಾತಾಡೋದು?" ಎಂದು ಅಕ್ಕ ಗದರಿದಳು.

"ನೀನು ಸುಮ್ನಿದ್ದಿದ್ದಕ್ಕೇ ಹೀಗಾಗಿರೋದು, ಅಕ್ಕಾ!"

ಪ್ರೊಫೆಸರರೇ ಅಕ್ಕನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಮುಳ್ಳು ಏರಿತು, ಅವರ ಮುಖ ಇಳಿಯಿತು. ಮೂತ್ರದ ಪರೀಕ್ಷೆಯಲ್ಲಿ ಪ್ರೋಟೀನ್ ಸೋರುತ್ತಿರುವುದು ಕಂಡಿತು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಆದರೆ ಮಾತ್ರೆ ಶುರುಮಾಡಿದರೆ ಉಳಿಸಿಕೊಳ್ಳಬಹುದು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಇಷ್ಟು ದಿನ ಯಾಕೆ ನಿರ್ಲಕ್ಷ್ಯ ಮಾಡಿದ್ರಿ?" ಎಂದು ಅಕ್ಕನನ್ನೇ ಗದರಿದರು.

ಕುರ್ಚಿಯಿಂದ ತಮ್ಮ ದಡಕ್ಕನೆ ಎದ್ದ. ಅಕ್ಕ ಅವನನ್ನು ತಡೆದಳು.

"ಬುದ್ಧಿ ಆಮೇಲೆ ಹೇಳಿ ಡಾಕ್ಟ್ರೇ. ಮತ್ತೆ ಯಾವತ್ತು ಬರ್ಲಿ, ಅದನ್ನ ಹೇಳಿ. ಆಪರೇಷನ್ ಆದಾಗ ನನ್ನ ಜೊತೆ ವಾರ್ಡಲ್ಲಿ ಮಲಗಿದ್ರಲ್ಲ, ಕಿಡ್ನಿ ಕೊಟ್ಟ ತಾಯಂದಿರು, ಹೆಂಡ್ತೀರು? ಅವರನ್ನೆಲ್ಲ ಕರ್ಕೊಂಡ್ ಬರ್ತೀನಿ."